ಮುಧೋಳ–ನಾಟಿ ಮಿಶ್ರ ತಳಿಯ ಮರಿ ಬರ್ತಿದೆ: ಏನು ಕಲಿಸಬೇಕು, ಯಾವಾಗ, ಹೇಗೆ?

ಹೇಮಾವತಿ ದಂಡೆ

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಮನೆಗೆ ಹೆಣ್ಣುಮರಿಯೊಂದು ಬರ್ತಿದೆ. ತಾಯಿ ಮುಧೋಳ ಬೇಟೆನಾಯಿ, ತಂದೆ ಊರ ನಾಟಿ ನಾಯಿ. ಈಗ ಆರು ವಾರ. ಮನೆ ಹಾಸನದ ಹೊರವಲಯದಲ್ಲಿ. ಐದಡಿ ಕಾಂಪೌಂಡು, ಹಿತ್ತಲಲ್ಲಿ ಕೋಳಿಗೂಡು. ಮನೆಯಲ್ಲಿ ಆರು ವರ್ಷದ ಮಗಳು, ವಯಸ್ಸಾದ ಅತ್ತೆ ಇದ್ದಾರೆ. ಮುಂದಿನ ವಾರವೇ ತರಬಹುದಾ? ಕೂರು, ಇರು, ಬಾ ಅನ್ನೋದನ್ನೆಲ್ಲ ಎಷ್ಟನೇ ತಿಂಗಳಿಗೆ ಶುರು ಮಾಡಬೇಕು? ಮುಧೋಳ ಓಡಿದರೆ ಕರೆದರೂ ಬರಲ್ಲ ಅಂತಾರೆ, ಮಿಶ್ರ ತಳಿಯಲ್ಲೂ ಹಾಗೇನಾ?

ಕೃಷ್ಣಾತೀರ

ಅಕ್ಕಾರ, ಮುಂದಿನ ವಾರ ತರಬ್ಯಾಡ್ರಿ. ಎಂಟು ವಾರ ತುಂಬಲಿ. ಐದರಿಂದ ಎಂಟು ವಾರದಾಗ ಮರಿ ತನ್ನ ಅಣ್ಣತಮ್ಮಂದ್ರ ಜೋಡಿ ಕಚ್ಚ್ಯಾಡಿ ಕಚ್ಚ್ಯಾಡಿ ಹಲ್ಲು ಎಷ್ಟು ಒತ್ತಬೇಕು ಅನ್ನೂದು ಕಲೀತೈತಿ. ಜೋರ ಕಚ್ಚಿದ್ರ ಎದುರಿನ ಮರಿ ಕುಂಯ್ ಅಂದು ಆಟ ಬಿಟ್ಟು ಹೋಗ್ತೈತಿ, ತಾಯಿ ಗುರ್ ಅಂತೈತಿ. ಆ ಪಾಠ ತಪ್ಪಿದ ಮರಿಗೆ ಮುಂದ ನಾವು ಕಲಸೂದು ಭಾಳ ಕಷ್ಟ. ಮಾರೋ ತಳಿಗಾರರಿಗಂತೂ ಎಂಟು ವಾರದೊಳಗಿನ ಮರಿ ಮಾರಬಾರದು ಅಂತ 2017ರ ಕೇಂದ್ರದ ನಿಯಮಾನ ಐತಿ.

ಇನ್ನ ಮಿಶ್ರ ತಳಿ ಅಂದ್ರ ಅರ್ಧ ತಾಯಿ, ಅರ್ಧ ತಂದಿ ಅಂತ ಲೆಕ್ಕ ಹಾಕಬ್ಯಾಡ್ರಿ. ಒಂದ ಸೂಲಿನಾಗ ಒಂದು ಮರಿ ಉದ್ದ ಮೂತಿ, ಸಣ್ಣ ನಡಾ, ಕಣ್ಣಿಗೆ ಬಿದ್ದದ್ದರ ಹಿಂದ ಬೀಳೂ ಗುಣ ತಗೊಂಡು ಬರ್ತೈತಿ, ಮತ್ತೊಂದು ಮೂಸ್ಕೋತ ಮನಿ ಕಾಯ್ಕೋತ ಕೂಡ್ತೈತಿ. ಮೈಕಟ್ಟು ನೋಡಿ ಗುಣಾ ಹೇಳಾಕ ಬರೂದಿಲ್ಲ. ಮರಿ ಆರಿಸೂ ಮುಂದ ಹಿಂಗ ಮಾಡ್ರಿ: ಒಂದು ಹಳೇ ಬಟ್ಟಿ ಚೂರಿಗೆ ದಾರ ಕಟ್ಟಿ ಹತ್ತಡಿ ದೂರದಾಗ ಸರ್ ಅಂತ ಎಳೀರಿ. ಬಟ್ಟಿ ನಿಂತ ಮ್ಯಾಲೂ ಅದನ್ನ ಬಿಡದ ನೋಡ್ಕೋತ ನಿಂತ ಮರಿ ಬ್ಯಾಟಿ ಕಡೆ ವಾಲಿದ್ದು. ಒಂದೆರಡು ಹೆಜ್ಜಿ ಓಡಿ ವಾಪಸ್ ನಿಮ್ಮ ಕಾಲಿಗೆ ಬಂದದ್ದು ಮನಷ್ಯಾನ ಕಡೆ ವಾಲಿದ್ದು. ನಿಮ್ಮ ಮನ್ಯಾಗ ಕೋಳಿ ಅದಾವ, ಎರಡನೇದ್ದ ಆರಿಸ್ಕೋರಿ. ಹಂಗಂತ ಇದು ಪೂರಾ ಗ್ಯಾರಂಟಿ ಅಲ್ಲ. ಆ ಹೊತ್ತಿಗೆ ಮರಿ ಉಂಡು ನಿದ್ದಿಗೆಟ್ಟಿದ್ರ ಬ್ಯಾರೇನ ಕಾಣ್ತೈತಿ. ಮುಂಜಾನಿ ಒಮ್ಮೆ, ಸಂಜೀಕ ಒಮ್ಮೆ ನೋಡ್ರಿ.

ತಾಯಿನ್ನ ನೋಡೂದು ಮರೀಬ್ಯಾಡ್ರಿ. ಹೊಸಬ್ರನ್ನ ಕಂಡು ತಾಯಿ ಕಟ್ಟಿ ಕೆಳಗ ಹೊಕ್ಕು ಹೊರಗ ಬರಲಿಲ್ಲಂದ್ರ ಮರಿನೂ ಅಂಜುಬುರುಕ ಆಗೂ ಸಂಭವ ಹೆಚ್ಚು. ಮುಧೋಳ ರಕ್ತದಾಗ ಹೊಸಬ್ರಿಂದ ದೂರ ಸರಿಯೂ ಸ್ವಭಾವ ಇದ್ದದ್ದ. ಅಂಜಿಕಿ ಬ್ಯಾರೆ, ದೂರ ಸರಿಯೂದು ಬ್ಯಾರೆ. ದೂರ ಸರಿಯೂ ನಾಯಿ ಸ್ವಲ್ಪ ಹೊತ್ತಿನ ಮ್ಯಾಲ ತಾನಾಗೇ ಬಂದು ಮೂಸಿ ಹೋಗ್ತೈತಿ.

ಕಾಂಪೌಂಡ್ ಐದಡಿ ಸಾಲೂದಿಲ್ಲ. ಮ್ಯಾಲ ಒಳಮುಖ ಬಾಗಿಸಿ ಒಂದೂವರೆ ಅಡಿ ಜಾಳಿಗಿ ಕೂಡಸ್ರಿ. ಗೇಟಿನ ಕೆಳಗಿನ ಸಂದಿನೂ ನೋಡ್ರಿ, ತಲಿ ತೂರೂವಷ್ಟಿದ್ರ ಇಡೀ ಮೈ ತೂರ್ತೈತಿ.

ಮಲೆನಾಡ ಪಶುವೈದ್ಯೆ

ಕೃಷ್ಣಾತೀರ ಅವರ ಮಾತಿಗೆ ವೈದ್ಯಕೀಯದ ಕಡೆಯಿಂದ ಕೆಲವನ್ನು ಸೇರಿಸುತ್ತೇನೆ.

ಮರಿಗಳ ಜೀವಕ್ಕೇ ಎರವಾಗುವ ಪಾರ್ವೊ, ಡಿಸ್ಟೆಂಪರ್ ಎಂಬ ವೈರಸ್ ರೋಗಗಳ ವಿರುದ್ಧದ ಲಸಿಕೆ (ಸೆವೆನ್ ಇನ್ ಒನ್, ನೈನ್ ಇನ್ ಒನ್ ಅಂತ ಕರೆಯುವುದು ಇದನ್ನೇ) ಆರರಿಂದ ಎಂಟು ವಾರದೊಳಗೆ ಶುರುವಾಗಿ, ಮೂರು–ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೂ ನಡೆಯಬೇಕು. ಎರಡು ಹಾಕಿಸಿ ನಿಲ್ಲಿಸುವವರು ಬಹಳ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವಷ್ಟು ದಿನ ಲಸಿಕೆ ನಾಟುವುದಿಲ್ಲ. ಆ ರಕ್ಷಣೆ ಒಂದು ಮರಿಯಲ್ಲಿ ಎಂಟನೇ ವಾರಕ್ಕೆ ಕರಗಿದರೆ ಇನ್ನೊಂದರಲ್ಲಿ ಹದಿನಾಲ್ಕನೇ ವಾರದವರೆಗೂ ಉಳಿದಿರುತ್ತದೆ. ಅದಕ್ಕೇ ಕೊನೆಯ ಡೋಸು ಹದಿನಾರನೇ ವಾರಕ್ಕೆ ಬೀಳಬೇಕು. ರೇಬೀಸ್ ಲಸಿಕೆ ಮೂರು ತಿಂಗಳು ತುಂಬಿದ ಮೇಲೆ. ಬೂಸ್ಟರ್ ಯಾವಾಗ ಅಂತ ನಿಮ್ಮ ವೈದ್ಯರು ಕಾರ್ಡಿನಲ್ಲಿ ಬರೆದುಕೊಡುತ್ತಾರೆ, ಆಮೇಲೆ ವರ್ಷಕ್ಕೊಮ್ಮೆ. ಜಂತುಹುಳದ ಔಷಧ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಪ್ರತಿ ಸಲವೂ ಮರಿಯನ್ನು ತೂಗಿಯೇ ಕೊಡಬೇಕು. ಮರಿಯನ್ನು ಎತ್ತಿಕೊಂಡು ತಕ್ಕಡಿ ಮೇಲೆ ನಿಂತು, ನಿಮ್ಮ ತೂಕ ಕಳೆದರೆ ಸಾಕು.

ಮರಿಯನ್ನು ಬಿಡುವ ಜಾಗದಲ್ಲಿ ಈಚೆಗೆ ಯಾವುದಾದರೂ ನಾಯಿ ರಕ್ತಭೇದಿಯಿಂದ ಸತ್ತಿದೆಯೇ ಅಂತ ವಿಚಾರಿಸಿ. ರಕ್ತಭೇದಿ ತರುವ ಪಾರ್ವೊ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಫಿನಾಯಿಲಿಗೆ ಅದು ಸಾಯುವುದಿಲ್ಲ. ಸಿಮೆಂಟು ನೆಲವಾದರೆ ಮೊದಲು ಸೋಪಿನಿಂದ ತೊಳೆದು, ಆಮೇಲೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಮೂವತ್ತು ಪಾಲು ನೀರು ಬೆರೆಸಿ ಸುರಿದು ಹತ್ತು ನಿಮಿಷ ಬಿಡಬೇಕು.

ಮಗು ಇರುವ ಮನೆಯಾದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ. ಮರಿ ಅಂತ ರೇಬೀಸ್ (ಹುಚ್ಚುನಾಯಿ ರೋಗ) ವಿಷಯದಲ್ಲಿ ಸಸಾರ ಬೇಡ. ಆಟದಲ್ಲೇ ಹಲ್ಲು ತಾಗಿ ಚರ್ಮ ತರಚಿದರೂ ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಕಾರದ ಪುಡಿ ಯಾವುದೂ ಬೇಡ.

ನಾಲ್ಕು ಹೆಜ್ಜೆ

ತರಬೇತಿ ಬಗ್ಗೆ ಹೇಳ್ತೀನಿ. "ಆರು ತಿಂಗಳಾಗಲಿ, ಆಮೇಲೆ ಕಲಿಸೋಣ" ಅನ್ನೋದು ಹಳೇ ಕಾಲದ ಎಳೆದು ಬಡಿದು ಕಲಿಸೋ ಪದ್ಧತಿಯಿಂದ ಬಂದ ಮಾತು. ಅಷ್ಟು ಎಳೆದಾಟ ತಡೆಯೋಕೆ ಮರಿಯ ಕುತ್ತಿಗೆ ಬಲಿಯಲಿ ಅಂತ ಕಾಯ್ತಿದ್ರು. ತಿಂಡಿ ಕೊಟ್ಟು ಕಲಿಸೋದಾದ್ರೆ ಮನೆಗೆ ಬಂದ ಮಾರನೇ ದಿನವೇ ಶುರು ಮಾಡಬಹುದು.

ಮೊದಲು ಸಾಮಾನು. ಬೇಯಿಸಿದ ಕೋಳಿಯ ಎದೆಭಾಗ ಅಥವಾ ಮೊಟ್ಟೆಯ ಬಿಳಿ, ಕಡಲೆಕಾಳಿನ ಗಾತ್ರಕ್ಕೆ ಹೆಚ್ಚಿದ್ದು. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಸೋಕಿರಬಾರದು. ಇದೆಲ್ಲ ಸೇರಿ ದಿನದ ಊಟದ ಹತ್ತರಲ್ಲೊಂದು ಪಾಲು ದಾಟದಿರಲಿ. ಆರಡಿ ಉದ್ದದ ಮಾಮೂಲಿ ಲೀಶ್ (ಹಿಡಿದು ನಡೆಸೋ ಪಟ್ಟಿ), ಒಂದು ಹಾರ್ನೆಸ್ (ಕತ್ತಿನ ಬದಲು ಎದೆ–ಬೆನ್ನಿಗೆ ಹಾಕೋ ಪಟ್ಟಿ), ಒಂದು ಗೋಣಿತಾಟು. ಸದ್ಯಕ್ಕೆ ಇಷ್ಟು ಸಾಕು.

ಮೊದಲನೇ ಪಾಠ "ಸೈ" ಅನ್ನೋ ಗುರುತು. ಸೈ ಅನ್ನಿ, ತಕ್ಷಣ ಚೂರು ಕೊಡಿ. ಹತ್ತು ಸಲ. ಮರಿಯಿಂದ ಏನೂ ಕೇಳಬೇಡಿ. ಆ ಶಬ್ದ ಬಂದರೆ ತಿಂಡಿ ಬರುತ್ತೆ ಅಂತ ಅದಕ್ಕೆ ಗೊತ್ತಾದರೆ ಸಾಕು. ಇನ್ನು ಮುಂದೆ ಮರಿ ಸರಿಯಾದ್ದು ಮಾಡಿದ ಕ್ಷಣಕ್ಕೇ ಸೈ ಬೀಳಬೇಕು. ಎರಡು ಸೆಕೆಂಡು ತಡವಾದರೆ ಕೂತಿದ್ದಕ್ಕಲ್ಲ, ಕೂತು ಎದ್ದಿದ್ದಕ್ಕೆ ಬಹುಮಾನ ಕೊಟ್ಟ ಹಾಗಾಗುತ್ತೆ. ಕಲಿಯೋದು ನಿಧಾನ ಆಗೋದೆಲ್ಲ ಬಹುಪಾಲು ಇಲ್ಲೇ.

ಕೂರಿಸೋದು: ಚೂರನ್ನು ಮೂಗಿಗೆ ತಾಗಿಸಿ, ಅಲ್ಲಿಂದ ಎರಡು ಕಿವಿಗಳ ನಡುವಿಗೆ ನಿಧಾನವಾಗಿ ಹಿಂದಕ್ಕೆ ಒಯ್ಯಿರಿ. ಮೂಗು ಮೇಲೆದ್ದ ಹಾಗೆ ಹಿಂಭಾಗ ಕೆಳಗಿಳಿಯುತ್ತೆ. ನೆಲ ಮುಟ್ಟಿದ ಕ್ಷಣ ಸೈ. ಮರಿ ಮುಂಗಾಲೆತ್ತಿ ಹಾರಿದರೆ ನಿಮ್ಮ ಕೈ ಜಾಸ್ತಿ ಎತ್ತರದಲ್ಲಿದೆ. ಹಿಂದೆ ಹಿಂದೆ ನಡೆದರೆ ಗೋಡೆಗೆ ಬೆನ್ನು ಮಾಡಿಸಿ ನಿಲ್ಲಿಸಿ. ಮೂರು ನಾಲ್ಕು ಸಲ ಆದಮೇಲೆ ಬರಿಗೈಯಲ್ಲಿ ಅದೇ ಸನ್ನೆ ಮಾಡಿ, ಚೂರನ್ನು ಇನ್ನೊಂದು ಕೈಯಿಂದ ಕೊಡಿ. ಈ ಹೆಜ್ಜೆ ಬಿಟ್ಟರೆ ಕೈಯಲ್ಲಿ ತಿಂಡಿ ಕಂಡರೆ ಮಾತ್ರ ಕೂರೋ ನಾಯಿ ತಯಾರಾಗುತ್ತೆ. "ಕೂತ್ಕೋ" ಅನ್ನೋ ಮಾತು ಇನ್ನೂ ಬೇಡ. ಬರಿಗೈ ಸನ್ನೆಗೆ ಹತ್ತರಲ್ಲಿ ಎಂಟು ಸಲ ಕೂತ ಮೇಲೆ, ಮೊದಲು ಮಾತು, ಒಂದು ಸೆಕೆಂಡು ಬಿಟ್ಟು ಸನ್ನೆ. ಎರಡನ್ನೂ ಒಟ್ಟಿಗೆ ಮಾಡಿದರೆ ಮರಿ ಕೈಯನ್ನು ನೋಡುತ್ತೆ, ಮಾತು ಕಿವಿಗೇ ಬೀಳಲ್ಲ.

ಮುಧೋಳದ ಕಡೆ ವಾಲಿದ ಮರಿ ಟೈಲ್ಸಿನ ಮೇಲೆ ಕೂರೋಕೆ ಒಪ್ಪದೇ ಇರಬಹುದು. ಹಟ ಅಂತ ಅಂದುಕೊಳ್ಳಬೇಡಿ. ತೊಡೆ–ಸೊಂಟದಲ್ಲಿ ಕೊಬ್ಬು ಕಡಿಮೆ, ಚರ್ಮ ತೆಳು, ತಣ್ಣನೆ ಗಟ್ಟಿ ನೆಲ ಮೂಳೆಗೆ ಒತ್ತುತ್ತೆ. ಅದಕ್ಕೇ ಗೋಣಿತಾಟು ಅಂದಿದ್ದು. ಅದನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಕಲಿಸಿ. ಮಲಗೋದನ್ನು ಕಲಿಸುವಾಗಲೂ ಅಷ್ಟೇ.

ಒಂದು ಪಾಠ ಎರಡು–ಮೂರು ನಿಮಿಷ, ದಿನಕ್ಕೆ ನಾಲ್ಕು ಸಲ, ಊಟಕ್ಕೆ ಮುಂಚೆ. ಮನೆಯವರೆಲ್ಲ ಒಂದೇ ಮಾತು ಬಳಸಬೇಕು. ನೀವು ಕೂತ್ಕೋ, ಯಜಮಾನ್ರು ಸಿಟ್, ಅತ್ತೆ ಕುಂತ್ಕೊಳೇ ಅಂದರೆ ಆಗಲ್ಲ. ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿಬಿಡಿ. ಇನ್ನೊಂದು ವಿಷಯ: "ಬಿಡು", "ಬೇಡ", "ಬಾ" ಮೂರೂ ಒಂದೇ ಶಬ್ದದಿಂದ ಶುರುವಾಗುತ್ತವೆ. ಅದೂ ಅಲ್ಲದೆ "ಬಾ" ಅನ್ನೋದು ಮನೆಯಲ್ಲಿ ದಿನವಿಡೀ ಒಬ್ಬರಿಗೊಬ್ಬರು ಆಡೋ ಮಾತು. ನಾಯಿಯನ್ನು ಕರೆಯೋಕೆ ಬೇರೆ ಯಾರಿಗೂ ಬಳಸದ ಒಂದು ಕೂಗನ್ನೋ ಸೀಟಿಯನ್ನೋ ಇಟ್ಟುಕೊಳ್ಳಿ.

ಹೇಮಾವತಿ ದಂಡೆ

ತುಂಬಾ ಉಪಕಾರ ಆಯ್ತು. ಎಂಟು ವಾರ ತುಂಬಿದ ಮೇಲೇ ತರ್ತೀವಿ. ಮರಿಯನ್ನು ನಾಲ್ಕು ತಿಂಗಳವರೆಗೆ ಹೊರಗೇ ಬಿಡಬೇಡಿ ಅಂತ ಒಬ್ಬರು ಅಂದ್ರು, ಬೇಗ ಹೊರಗಡೆ ಅಭ್ಯಾಸ ಮಾಡಿಸಿ ಅಂತ ಇನ್ನೊಬ್ರು. ಯಾವುದು ಸರಿ? ಮತ್ತೆ, ಒಳಗೆ ಉಚ್ಚೆ ಹೊಯ್ಯೋದನ್ನ ಬಿಡಿಸೋದು ಹೇಗೆ?

ಮಲೆನಾಡ ಪಶುವೈದ್ಯೆ

ಎರಡೂ ಸರಿ, ಮಾಡುವ ಬಗೆ ಬೇರೆ. ಮರಿ ಹೊಸದನ್ನು ಹೆದರದೆ ಒಪ್ಪಿಕೊಳ್ಳುವ ಕಾಲ ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ. ಲಸಿಕೆ ಮುಗಿಯುವುದು ಹದಿನಾರಕ್ಕೆ. ಅಲ್ಲಿಯವರೆಗೂ ಮನೆಯೊಳಗೇ ಇಟ್ಟರೆ ಆ ಕಾಲ ಕಳೆದುಹೋಗುತ್ತದೆ. ಹಾಗಾಗಿ ಮರಿಯನ್ನು ಎತ್ತಿಕೊಂಡು ಹೊರಗೆ ಹೋಗಿ. ಕಾಲು ನೆಲಕ್ಕೆ ತಾಗದಿರಲಿ, ಬೇರೆ ನಾಯಿಗಳ ಮಲ, ನಾಯಿಗಳು ಓಡಾಡುವ ಮಣ್ಣು ದೂರವಿರಲಿ. ಟ್ರ್ಯಾಕ್ಟರ್ ಸದ್ದು, ಹೆಲ್ಮೆಟ್ ಹಾಕಿದವರು, ಛತ್ರಿ ಬಿಚ್ಚುವುದು, ಕೋಲು ಹಿಡಿದ ಅಜ್ಜ, ಶಾಲೆ ಬಿಟ್ಟಾಗಿನ ಮಕ್ಕಳ ಗದ್ದಲ, ಎಲ್ಲವನ್ನೂ ದೂರದಿಂದ ತೋರಿಸಿ ಚೂರು ಕೊಡಿ. ಮರಿ ತಿಂಡಿ ತಿನ್ನುತ್ತಿದ್ದರೆ ದೂರ ಸರಿಯಾಗಿದೆ. ತಿನ್ನುವುದು ನಿಲ್ಲಿಸಿ ಬಾಲ ಮಡಚಿದರೆ ಇನ್ನಷ್ಟು ಹಿಂದೆ ಸರಿಯಿರಿ. ಲಸಿಕೆ ಸರಿಯಾಗಿ ಆಗಿರುವ ಪರಿಚಯದವರ ನಾಯಿಯೊಡನೆ ಮನೆಯಂಗಳದಲ್ಲಿ ಬಿಡಬಹುದು.

ದೀಪಾವಳಿಯ ಪಟಾಕಿಗೂ ಈಗಿನಿಂದಲೇ ತಯಾರಿ ಬೇಕು. ಮೊಬೈಲಿನಲ್ಲಿ ಪಟಾಕಿ ಸದ್ದನ್ನು ಕೇಳಿಯೂ ಕೇಳದಷ್ಟು ಮೆಲ್ಲಗೆ ಹಾಕಿ ಊಟ ಕೊಡಿ. ಕೆಲವು ದಿನಕ್ಕೊಮ್ಮೆ ಒಂದೊಂದೇ ಗೆರೆ ಏರಿಸಿ. ಹಬ್ಬದ ವಾರದಲ್ಲಿ ಶುರು ಮಾಡಿದರೆ ಉಪಯೋಗವಿಲ್ಲ.

ಬಾಲ್ಕನಿ ನಾಯಿ

ಉಚ್ಚೆ ವಿಷಯ ನಾನು ಹೇಳ್ತೀನಿ ಮೇಡಂ. ಎರಡು ತಿಂಗಳ ಮರಿ ಹಗಲು ಎರಡು ಗಂಟೆ ತಡೆದುಕೊಂಡರೆ ಹೆಚ್ಚು. ನಿದ್ದೆಯಿಂದ ಎದ್ದ ತಕ್ಷಣ, ಊಟವಾಗಿ ಹತ್ತು–ಹದಿನೈದು ನಿಮಿಷಕ್ಕೆ, ಆಟ ಮುಗಿದಾಗ, ಮಲಗೋ ಮುಂಚೆ, ನಡುವೆ ಒಂದೂವರೆ ಗಂಟೆಗೊಮ್ಮೆ ಒಂದೇ ಜಾಗಕ್ಕೆ ಕರ್ಕೊಂಡು ಹೋಗಿ. ಆ ಜಾಗ ಬೇರೆ ನಾಯಿಗಳು ನುಗ್ಗದ ನಿಮ್ಮ ಕಾಂಪೌಂಡಿನೊಳಗೇ ಇರಲಿ. ಸುಮ್ಮನೆ ನಿಂತುಕೊಳ್ಳಿ, ಆಟ ಆಡಿಸಬೇಡಿ. ಮುಗಿಸಿದ ಮೇಲೆ ಅಲ್ಲೇ ಚೂರು ಕೊಡಿ. ಒಳಗೆ ಬಂದು ಕೊಟ್ಟರೆ ಒಳಗೆ ಬಂದಿದ್ದಕ್ಕೆ ಕೊಟ್ಟ ಹಾಗೆ. ಐದು ನಿಮಿಷ ಕಾದರೂ ಹೊಯ್ಯದಿದ್ದರೆ ಒಳಗೆ ಬಂದು ಕಣ್ಣೆದುರೇ ಲೀಶಿನಲ್ಲಿ ಇಟ್ಟುಕೊಂಡು, ಹತ್ತು ನಿಮಿಷದಲ್ಲಿ ಮತ್ತೆ ಹೋಗಿ. ಇಲ್ಲಾಂದ್ರೆ ಒಳಗೆ ಬಂದ ಮರುಗಳಿಗೆ ಚಾಪೆ ಮೇಲೆ ಆಗುತ್ತೆ.

ಫ್ಲ್ಯಾಟಿನಲ್ಲಿ ಇರೋರು ಇದನ್ನ ಓದ್ತಿದ್ರೆ: ಲಸಿಕೆ ಮುಗಿಯೋವರೆಗೆ ಬಾಲ್ಕನಿಯಲ್ಲಿ ಎರಡಡಿ–ಮೂರಡಿ ಟ್ರೇ ಇಟ್ಟು ಹುಲ್ಲಿನ ಹಾಸು ಹಾಕಿ. ನ್ಯೂಸ್ ಪೇಪರ್ ಅಭ್ಯಾಸ ಮಾಡಿಸಬೇಡಿ, ಮುಂದೆ ನೆಲದ ಮೇಲೆ ಬಿದ್ದ ಪೇಪರ್ ಎಲ್ಲಾ ಅದಕ್ಕೆ ಕಕ್ಕಸೇ.

ಒರೆಸೋಕೆ ಮಾಮೂಲಿ ಫಿನಾಯಿಲ್ ಸಾಲಲ್ಲ. ನಮಗೆ ಘಮ ಬರುತ್ತೆ, ಅಡಿಯಲ್ಲಿರೋ ಉಚ್ಚೆ ವಾಸನೆ ನಾಯಿ ಮೂಗಿಗೆ ಹಾಗೇ ಇರುತ್ತೆ, ಅಲ್ಲೇ ಬಂದು ಮತ್ತೆ ಹೊಯ್ಯುತ್ತೆ. ಮೊದಲು ಬಟ್ಟೆಯಿಂದ ಪೂರ್ತಿ ಹೀರಿಸಿ, ಎಂಜೈಮ್ ಇರೋ ಕ್ಲೀನರ್ ಹಾಕಿ ಡಬ್ಬಿ ಮೇಲೆ ಬರೆದಷ್ಟು ಹೊತ್ತು ಒದ್ದೆ ಬಿಡಿ. ಸಿಗದಿದ್ದರೆ ಬಿಳಿ ವಿನೆಗರ್, ನೀರು ಸಮಸಮ.

ಗಟ್ಟಿಮಾತು

ಇಷ್ಟೆಲ್ಲಾ ಯಾಕೆ? ಒಳಗೆ ಹೊಯ್ದರೆ ಮೂಗನ್ನು ಅದಕ್ಕೆ ಒತ್ತಿ, ಪೇಪರ್ ಸುರುಳಿಯಲ್ಲಿ ಒಂದೇಟು ಹಾಕಿದರೆ ಮೂರೇ ದಿನಕ್ಕೆ ಬಿಡುತ್ತೆ. ನಾಯಿಗೆ ಯಜಮಾನ ಯಾರು ಅಂತ ಗೊತ್ತಿರಬೇಕು.

ನಾಲ್ಕು ಹೆಜ್ಜೆ

ಸರ್, ಮೂರು ದಿನಕ್ಕೆ ಬಿಡೋದು ನಿಮ್ಮ ಕಣ್ಣೆದುರು ಹೊಯ್ಯೋದನ್ನ, ಒಳಗೆ ಹೊಯ್ಯೋದನ್ನಲ್ಲ. ಹೊಯ್ದು ಐದು ನಿಮಿಷದ ಮೇಲೆ ಏಟು ಬಿದ್ದರೆ ನಾಯಿಗೆ ಹಳೇ ಕೆಲಸಕ್ಕೂ ಈಗಿನ ಏಟಿಗೂ ನಂಟು ಕಾಣಲ್ಲ. ಕಣ್ಣೆದುರೇ ಬಿದ್ದರೆ "ಈ ಮನುಷ್ಯ ಇದ್ದಾಗ ಹೊಯ್ಯಬಾರದು" ಅಂತ ಕಲಿಯುತ್ತೆ. ಆಮೇಲೆ ಸೋಫಾ ಹಿಂದೆ, ಮಂಚದ ಕೆಳಗೆ ಶುರು. ಅಷ್ಟೇ ಅಲ್ಲ, ಲೀಶ್ ಹಿಡಿದು ಹೊರಗೆ ಕರ್ಕೊಂಡು ಹೋದಾಗಲೂ ನಿಮ್ಮ ಪಕ್ಕದಲ್ಲಿ ಹೊಯ್ಯಲ್ಲ, ಒಳಗೆ ಬರೋವರೆಗೂ ಕಾಯುತ್ತೆ. "ಅರ್ಧ ಗಂಟೆ ಸುತ್ತಾಡಿಸಿದೆ, ಮನೆಗೆ ಬಂದು ಹೊಯ್ತು" ಅನ್ನೋ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತೆ.

ಗುರ್ ಅಂದಾಗ ಹೊಡೆಯೋದು ಇನ್ನೂ ಅಪಾಯ. ಗುರುಗುಟ್ಟೋದು ನಾಯಿ ಕೊಡೋ ಎಚ್ಚರಿಕೆ. ಅದನ್ನ ಹೊಡೆದು ನಿಲ್ಲಿಸಿದರೆ ಒಳಗಿನ ಹೆದರಿಕೆ ಹೋಗಲ್ಲ, ಎಚ್ಚರಿಕೆ ಮಾತ್ರ ಹೋಗುತ್ತೆ. ಸೂಚನೆಯೇ ಇಲ್ಲದೆ ಕಚ್ಚೋ ನಾಯಿ ಆರು ವರ್ಷದ ಮಗು ಇರೋ ಮನೆಯಲ್ಲಿ ಬೇಕಾ ಸರ್? ಮುಧೋಳ ರಕ್ತದ ನಾಯಿ ಏಟಿಗೆ ಬೇಗ ಮುದುಡುತ್ತೆ, ಗದರಿದರೂ ಸಾಕು, ಎರಡು ದಿನ ಹತ್ತಿರ ಸುಳಿಯಲ್ಲ. ಕರೆದರೆ ಬರಬೇಕಾದ ನಾಯಿಗೆ ಕರೆಯೋ ಮನುಷ್ಯನ ಕಂಡರೇ ಭಯ ಅಂದರೆ ಮುಂದಿನ ಕೆಲಸ ಯಾವುದೂ ಆಗಲ್ಲ.

ಗಟ್ಟಿಮಾತು

ಸರಿ, ಹೊಡೆಯೋದು ಬೇಡ ಅಂತಲೇ ಇಟ್ಟುಕೊಳ್ಳೋಣ. ಕೈ ಕಚ್ಚಿದರೆ? ಮಗುವಿನ ಲಂಗ ಹಿಡಿದು ಎಳೆದರೆ? ಅದಕ್ಕೂ ಕೋಳಿ ಚೂರು ಕೊಡ್ತೀರಾ?

ನಾಲ್ಕು ಹೆಜ್ಜೆ

ಇಲ್ಲ ಸರ್. ಹಲ್ಲು ಚರ್ಮಕ್ಕೆ ತಾಗಿದ ತಕ್ಷಣ ಆಟ ನಿಲ್ಲುತ್ತೆ, ಅದೇ ಶಿಕ್ಷೆ. ಕೈ ಎಳೆದುಕೊಂಡರೆ ಓಡೋ ಇಲಿ ಹಿಡಿದ ಹಾಗೆ ಅದಕ್ಕೆ ಇನ್ನೂ ಹುರುಪು. ಕೈಯನ್ನು ಸಡಿಲ ಬಿಟ್ಟು ಅಲ್ಲಾಡದೆ ನಿಲ್ಲಿ, ಮರಿ ಬಿಟ್ಟ ಮೇಲೆ ಎದ್ದು ಕೋಣೆಯ ಅಡ್ಡಗೇಟಿನ ಆಚೆ ಹೋಗಿ ಇಪ್ಪತ್ತು ಸೆಕೆಂಡು ನಿಂತು ಬನ್ನಿ. ಬಂದು ಅಗಿಯೋ ಸಾಮಾನು ಕೊಡಿ: ಫ್ರಿಜ್ಜಿನಲ್ಲಿಟ್ಟ ದಪ್ಪ ಕ್ಯಾರೆಟ್ಟು, ಒದ್ದೆ ಮಾಡಿ ಗಂಟು ಹಾಕಿ ಫ್ರೀಜರಿನಲ್ಲಿಟ್ಟ ಹತ್ತಿ ಬಟ್ಟೆ. ಕ್ಯಾರೆಟ್ಟು ಸಣ್ಣದಾದ ಮೇಲೆ ತೆಗೆದುಬಿಡಿ, ಗಂಟಲಿಗೆ ಸಿಕ್ಕುತ್ತೆ. ಹಳೇ ಚಪ್ಪಲಿ ಕೊಡಬೇಡಿ, ಹೊಸದಕ್ಕೂ ಹಳೇದಕ್ಕೂ ಅದಕ್ಕೆ ವ್ಯತ್ಯಾಸ ತಿಳಿಯಲ್ಲ. ನಾಲ್ಕರಿಂದ ಆರು ತಿಂಗಳ ನಡುವೆ ಹಾಲುಹಲ್ಲು ಬೀಳುವಾಗ ಅಗಿಯೋದು ಇನ್ನೂ ಜಾಸ್ತಿ.

ಸಂಜೆ ಹೊತ್ತು ಮರಿ ಹುಚ್ಚೆದ್ದು ಓಡಾಡಿ ಸಿಕ್ಕಿದ್ದನ್ನೆಲ್ಲ ಕಚ್ಚುತ್ತಿದ್ದರೆ ಮೊದಲು ನಿದ್ದೆಯ ಲೆಕ್ಕ ನೋಡಿ. ಈ ವಯಸ್ಸಿಗೆ ದಿನಕ್ಕೆ ಹದಿನೆಂಟು ಗಂಟೆ ನಿದ್ದೆ ಬೇಕು. ಮಗು ಇರೋ ಮನೆಯಲ್ಲಿ ಮಲಗಿದ ಮರಿಯನ್ನ ಎಬ್ಬಿಸ್ತಾನೇ ಇರ್ತಾರೆ. ಒಂದು ಮೂಲೆಗೆ ಅಡ್ಡಗೇಟು ಹಾಕಿ, ಗೇಟಿನ ಆಚೆ ಇರೋ ಮರಿಯನ್ನ ಯಾರೂ ಮುಟ್ಟಬಾರದು ಅಂತ ಮನೆ ಕಾನೂನು ಮಾಡಿ. ಮಗಳಿಗೆ ಒಂದೇ ಪಾಠ: ಮರಿ ಮೇಲೆ ಹಾರಿದರೆ ಓಡಬೇಡ, ಕೈ ಕಟ್ಟಿಕೊಂಡು ಕಂಬದ ಥರ ನಿಲ್ಲು. ದೊಡ್ಡವರಿಲ್ಲದೆ ಇಬ್ಬರನ್ನೇ ಒಂದು ಕೋಣೆಯಲ್ಲಿ ಬಿಡಬೇಡಿ.

ಕೃಷ್ಣಾತೀರ

ಬೆಲ್ಟಿನ ಮಾತು ಯಾರೂ ಎತ್ತಲಿಲ್ಲ. ಮುಧೋಳ ತಲಿ ಸಣ್ಣದು, ಕುತಗಿ ದಪ್ಪ. ಮಾಮೂಲಿ ಬೆಲ್ಟಿನಾಗಿಂದ ಹಿಂದಕ್ಕ ಜಗ್ಗಿದ್ರ ತಲಿ ಸಳ್ ಅಂತ ಹೊರಗ ಬರ್ತೈತಿ. ಮರಿಗೂ ತಾಯಿ ತಲಿನ ಬಂದಿದ್ರ ಮಾರ್ಟಿಂಗೇಲ್ ಬೆಲ್ಟ್ (ಎರಡು ರಿಂಗಿನಾಗ ಹಾಯ್ದ ಸಣ್ಣ ಕುಣಿಕಿ ಇರೂದು) ತಗೋರಿ. ಜಗ್ಗಿದಾಗ ಒಂದಿಷ್ಟು ಬಿಗೀತೈತಿ, ಉಸಿರು ಕಟ್ಟೂದಿಲ್ಲ. ಬೆಳದ ನಾಯಿಗೆ ಒಂದೂವರೆಯಿಂದ ಎರಡು ಇಂಚು ಅಗಲ ಇರ್ಲಿ, ಸಣ್ಣ ಪಟ್ಟಿ ತೆಳು ಚರ್ಮಕ್ಕ ಕೊರೀತೈತಿ. ಪೂರಾ ಬಿಗಿದಾಗ ಎರಡು ರಿಂಗಿನ ನಡುವ ಎರಡು ಬಟ್ಟು ಸಂದಿ ಉಳೀಬೇಕು. ರಿಂಗಿಗೆ ರಿಂಗು ತಾಗಿದ್ರ ಬೆಲ್ಟ್ ಸಡಲ ಐತಿ ಅಂತ ಅರ್ಥ. ಮನ್ಯಾಗ ಬಿಟ್ಟಾಗ ತಗದ ಬಿಡ್ರಿ, ಗೂಟಕ್ಕೋ ಗೇಟಿಗೋ ಸಿಕ್ಕಿ ಬಿಗಿಯೂ ಅಪಾಯ ಐತಿ.

ದಿನಾ ಪೂರ್ತಿ ಚೈನಿನಾಗ ಕಟ್ಟಿ ಹಾಕೂ ವಿಚಾರ ಇದ್ರ ಈ ತಳಿ ತರಬ್ಯಾಡ್ರಿ. ಓಡಾಕ ಹುಟ್ಟಿದ ಮೈ ಅದು.

ತೋಟದ ಕಣ್ಣು

ಕೋಳಿ ವಿಷಯ ನನ್ನದು. ಮೊದಲ ಆರು ತಿಂಗಳು ಒಂದು ಸಲವೂ ಕೋಳಿಯನ್ನು ಅಟ್ಟಿಸೋಕೆ ಅವಕಾಶ ಸಿಗಬಾರದು. ಅಟ್ಟಿಸೋದರಲ್ಲೇ ಅದಕ್ಕೆ ಖುಷಿ ಇದೆ, ಹಿಡಿದರೆ ಬಹುಮಾನ ಅದೇ. ಒಂದು ಸಲ ರುಚಿ ಹತ್ತಿದರೆ ನಿಮ್ಮ ಬೇಯಿಸಿದ ಚೂರು ಲೆಕ್ಕಕ್ಕೇ ಇಲ್ಲ. ಗೂಡಿಗೆ ದಪ್ಪ ಜಾಲರಿ ಹಾಕಿ, ಬುಡದಲ್ಲಿ ಒಂದಡಿ ಮಣ್ಣಿನೊಳಗೆ ಹೂಳಿ, ನಾಯಿ ಕೆರೆಯುತ್ತೆ.

ಅಭ್ಯಾಸ ಹೀಗೆ. ಲೀಶಿನಲ್ಲಿ ಗೂಡಿನಿಂದ ಮೂವತ್ತಡಿ ದೂರ ನಿಲ್ಲಿಸಿ. ಕೋಳಿ ಕಡೆ ನೋಡಿ, ತಾನಾಗಿ ತಲೆ ತಿರುಗಿಸಿದ ಕ್ಷಣ ಸೈ, ಚೂರು. ಕಣ್ಣು ನೆಟ್ಟು, ಬಾಯಿ ಮುಚ್ಚಿ, ಮೈ ಬಿಗಿದು ಒಂದು ಮುಂಗಾಲು ಎತ್ತಿದರೆ ಹತ್ತಿರ ಬಂದುಬಿಟ್ಟಿದ್ದೀರಿ. ಕೂಗದೆ ಹಿಂದಕ್ಕೆ ನಡೆಯಿರಿ. ಒಂದು ದೂರದಲ್ಲಿ ಸತತ ಐದು ಸಲ ಸಲೀಸಾಗಿ ತಿರುಗಿದರೆ ಮಾತ್ರ ಮೂರಡಿ ಮುಂದೆ. ಕೋಳಿ ಸುಮ್ಮನೆ ಮೇಯುವಾಗಲೇ ಮಾಡಿ. ರೆಕ್ಕೆ ಬಡಿದು ಓಡೋ ಕೋಳಿ ಕೊನೆಯ ಪಾಠ. ಇಷ್ಟೆಲ್ಲ ಆದರೂ ನೀವಿಲ್ಲದಾಗ ಕೋಳಿ, ನಾಯಿ ಎರಡನ್ನೂ ಒಟ್ಟಿಗೆ ಹೊರಗೆ ಬಿಡಬೇಡಿ.

ಮಲೆನಾಡ ಪಶುವೈದ್ಯೆ

ತೋಟದ ಮಾತು ಬಂದಿದ್ದರಿಂದ ರಕ್ತ ಹೀರುವ ಉಣ್ಣೆಹುಳದ ಬಗ್ಗೆ. ದನಕ್ಕೆ ಬಳಿಯುವ ಉಣ್ಣೆ ಔಷಧವನ್ನೇ ಅಂದಾಜಿಗೆ ನೀರು ಬೆರೆಸಿ ನಾಯಿಮರಿಗೆ ಬಳಿಯುವವರಿದ್ದಾರೆ. ಮರಿ ಮೈ ನೆಕ್ಕಿಕೊಂಡು ಜೊಲ್ಲು ಸುರಿಸಿ, ತೂರಾಡಿ ಆಸ್ಪತ್ರೆಗೆ ಬರುತ್ತದೆ. ದಯವಿಟ್ಟು ಬೇಡ. ತೂಕ, ವಯಸ್ಸಿಗೆ ತಕ್ಕ ಮಾತ್ರೆ ಅಥವಾ ಬೆನ್ನಿಗೆ ಹಾಕುವ ಹನಿ ಇದೆ, ವೈದ್ಯರು ಬರೆದುಕೊಡುತ್ತಾರೆ. ದಿನಕ್ಕೊಮ್ಮೆ ಕಿವಿಯೊಳಗೆ, ಬೆರಳಸಂದಿಯಲ್ಲಿ, ಬೆಲ್ಟಿನ ಕೆಳಗೆ, ಬಾಲದ ಬುಡದಲ್ಲಿ ಕೈಯಾಡಿಸಿ. ಊಟ ಬಿಟ್ಟು, ಮೈ ಬಿಸಿಯಾಗಿ, ವಸಡು ಬಿಳಿಚಿದ್ದರೆ ಉಣ್ಣೆ ಜ್ವರ ಇರಬಹುದು. ನಾಳೆ ನೋಡೋಣ ಅನ್ನಬೇಡಿ, ಅವತ್ತೇ ರಕ್ತ ಪರೀಕ್ಷೆ ಮಾಡಿಸಿ.

ಈ ಕೈಯಾಡಿಸುವುದೂ ತರಬೇತಿಯೇ. ಪಾದ ಮುಟ್ಟಿ, ಚೂರು. ಕಿವಿ ಎತ್ತಿ, ಚೂರು. ತುಟಿ ಸರಿಸಿ ಹಲ್ಲು ನೋಡಿ, ಚೂರು. ಮರಿಯಲ್ಲಿ ಇದನ್ನು ಕಲಿತ ನಾಯಿಗೆ ಇಂಜೆಕ್ಷನ್ ಕೊಡಲು ಬಾಯಿ ಕಟ್ಟಬೇಕಾಗಿಲ್ಲ.

ಊಟ: ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು, ಆಮೇಲೆ ಎರಡು. ಬರೀ ಅನ್ನ–ಹಾಲು, ಬರೀ ಮುದ್ದೆ–ಸಾರು ಬೆಳೆಯುವ ಮರಿಗೆ ಸಾಲದು. ಸಾರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುತ್ತದೆ, ಅದು ರಕ್ತಕಣಗಳನ್ನು ಒಡೆಯುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟು, ಬೇಯಿಸಿದ ಮೂಳೆ ಯಾವುದೂ ಬೇಡ. ಮನೆ ಊಟವೇ ಕೊಡುವುದಾದರೆ ಮಾಂಸ ಅಥವಾ ಮೊಟ್ಟೆ ಮುಖ್ಯವಾಗಿದ್ದು, ಕ್ಯಾಲ್ಸಿಯಂ ಎಷ್ಟು ಅಂತ ವೈದ್ಯರನ್ನೇ ಕೇಳಿ. ಹೆಚ್ಚಾದರೂ ಮೂಳೆ ಕೆಡುತ್ತದೆ, ಕಡಿಮೆಯಾದರೂ ಕೆಡುತ್ತದೆ. ಮುಧೋಳ ಮೈಕಟ್ಟಿನ ನಾಯಿಗೆ ಹಿಂದಿನ ಎರಡು ಮೂರು ಪಕ್ಕೆಲುಬು ಕಾಣುವುದು ಸಹಜ, ಬಡಕಲು ಅಂತ ತುರುಕಬೇಡಿ.

ಹೇಮಾವತಿ ದಂಡೆ

ಎಲ್ಲಾ ಬರೆದಿಟ್ಟುಕೊಳ್ತಿದ್ದೀನಿ. ಕೊನೆಗೆ, ಕರೆದರೆ ಬರೋದು. ಅದೇ ನನಗೆ ಹೆಚ್ಚು ಭಯ. ಮನೆ ಮುಂದಿನ ರಸ್ತೆಯಲ್ಲಿ ಲಾರಿ ಓಡಾಡ್ತವೆ.

ನಾಲ್ಕು ಹೆಜ್ಜೆ

ಅದಕ್ಕೆ ಅತಿ ಹೆಚ್ಚು ಹೊತ್ತು ಕೊಡಿ. ಕೂರೋದು ಕಲಿಯದ ನಾಯಿ ಬದುಕುತ್ತೆ, ಕರೆದರೆ ಬರದ ನಾಯಿ ಆ ರಸ್ತೆಯಲ್ಲಿ ಬದುಕಲ್ಲ.

ಬೆಲ್ಟ್ ಹಾಕಿ ಮನೆಯೊಳಗೆ ಶುರು. ಐದಡಿ ದೂರದಿಂದ ಒಂದೇ ಸಲ ಕೂಗಿ. ಬಂದರೆ ಸೈ, ದಿನದ ಅತ್ಯುತ್ತಮ ತಿಂಡಿ. ಚೂರನ್ನು ನಿಮ್ಮ ಮೊಣಕಾಲಿಗೆ ತಾಗುವಷ್ಟು ಹತ್ತಿರ ಹಿಡಿದು, ತಿನ್ನುವಾಗ ಇನ್ನೊಂದು ಕೈಯಿಂದ ಬೆಲ್ಟ್ ಮುಟ್ಟಿ, ಆಮೇಲೆ ಮತ್ತೆ ಆಡೋಕೆ ಬಿಡಿ. ಬೆಲ್ಟ್ ಮುಟ್ಟೋ ಅಭ್ಯಾಸ ಇಲ್ಲದಿದ್ದರೆ ಹತ್ತಿರ ಬಂದು, ಚೂರು ಕಿತ್ತುಕೊಂಡು, ಕೈಗೆ ಸಿಗದೆ ಕುಣಿಯುತ್ತೆ. ಮತ್ತೆ ಬಿಡದಿದ್ದರೆ, ಬಂದರೆ ಆಟ ಮುಗಿಯುತ್ತೆ ಅಂತ ಕಲಿತು ಬರೋದೇ ಬಿಡುತ್ತೆ. ಆ ಕೂಗನ್ನು ಸ್ನಾನಕ್ಕೆ, ಕಟ್ಟಿ ಹಾಕೋಕೆ, ಮಾತ್ರೆ ನುಂಗಿಸೋಕೆ, ಬೈಯೋಕೆ ಯಾವತ್ತೂ ಬಳಸಬೇಡಿ. ಅಂಥದ್ದಕ್ಕೆ ನೀವೇ ಹೋಗಿ ಕರ್ಕೊಂಡು ಬನ್ನಿ.

ಲಸಿಕೆ ಮುಗಿದ ಮೇಲೆ ಬಯಲಿಗೆ. ಮೂವತ್ತಡಿ ಹಗ್ಗ, ಹಾರ್ನೆಸ್ಸಿನ ಬೆನ್ನಿನ ರಿಂಗಿಗೆ. ಬೆಲ್ಟಿಗೆ ಕಟ್ಟಬೇಡಿ, ಓಡಿ ಹಗ್ಗ ಮುಗಿದಾಗ ಆ ಜರ್ಕು ಕತ್ತಿಗೆ ಬೀಳುತ್ತೆ. ಹಗ್ಗದ ತುದಿಯಲ್ಲಿ ಕುಣಿಕೆ, ಗಂಟು ಇರಬಾರದು, ಪೊದೆಗೆ ಸಿಕ್ಕುತ್ತೆ. ಕೈಗೆ ಸುತ್ತಿಕೊಳ್ಳಬೇಡಿ. ಕರೆದು, ತಲೆ ತಿರುಗಿಸಿದ ಕ್ಷಣ ಸೈ ಅಂದು ನೀವೇ ಹಿಂದಕ್ಕೆ ಓಡಿ. ಓಡೋದನ್ನ ಬೆನ್ನಟ್ಟೋ ಗುಣ ಇಲ್ಲಿ ನಿಮಗೇ ಅನುಕೂಲ. ಬರದಿದ್ದರೆ ಎರಡನೇ ಸಲ ಕೂಗಬೇಡಿ. ಹಗ್ಗ ಹಿಡಿದುಕೊಂಡೇ ಹತ್ತಿರ ಹೋಗಿ, ಮೂಗಿನ ಮುಂದೆ ಚೂರು ತೋರಿಸಿ ತಿರುಗಿಸಿ, ಮುಂದಿನ ಸಲ ದೂರ ಅರ್ಧ ಮಾಡಿ. ಹತ್ತು ಸಲ ಕೂಗಿಸಿಕೊಂಡ ನಾಯಿ ಹತ್ತನೇ ಕೂಗಿಗೇ ಬರಬೇಕು ಅಂದುಕೊಂಡಿರುತ್ತೆ.

ಏಳೆಂಟು ತಿಂಗಳಿಗೆ ಎಲ್ಲ ಮರೆತ ಹಾಗೆ ಆಡುತ್ತೆ. ಪ್ರಾಯ ಬರೋ ಹೊತ್ತು. ಹಗ್ಗ ಬಿಚ್ಚಿದ್ದರೆ ಮತ್ತೆ ಕಟ್ಟಿ, ದೂರ ಕಡಿಮೆ ಮಾಡಿ, ತಿಂಡಿ ಹೆಚ್ಚಿಸಿ.

ಕೃಷ್ಣಾತೀರ

ಹಗ್ಗ ಯಾವಾಗ ಬಿಚ್ಚೂದು ಅಂತ ಕೇಳಿದ್ರ ನಂದು ಒಂದ ಮಾತು ಅಕ್ಕಾರ: ಮರಿ ತಾಯಿ ಕಡೆ ವಾಲಿದ್ರ, ಬೇಲಿ ಇಲ್ಲದ ಬಯಲಾಗ ಎಂದೂ ಬಿಚ್ಚಬ್ಯಾಡ್ರಿ. ಮೊಲಾನೋ ಮುಂಗುಸಿನೋ ಜಿಗದು ಓಡಿದ್ರ ಆ ಗಳಿಗಿಗೆ ಅದರ ಕಿವಿ ಕೆಲಸಾನ ಮಾಡೂದಿಲ್ಲ. ನಾಕು ಕಡೆ ಕಟ್ಟಿದ ಹೊಲ, ಗೇಟ್ ಹಾಕಿದ ಶಾಲಿ ಮೈದಾನ (ಕೇಳಿಕೊಂಡು) ಅಂಥಲ್ಲಿ ಬಿಡ್ರಿ. ಮುಂಜಾನಿ ಏಳರೊಳಗ, ಉಣಸೂಕ್ಕಿಂತ ಮದಲ. ಎದಿ ಆಳ ಇರೂ ನಾಯಿ ಹೊಟ್ಟಿ ತುಂಬ ಉಂಡು ಓಡಿದ್ರ ಹೊಟ್ಟಿ ತಿರುವಿಕೊಳ್ಳೂ ಅಪಾಯ ಐತಿ. ಓಡಿ ಬಂದು ಒಂದು ತಾಸು ಬಿಟ್ಟು ಊಟ ಹಾಕ್ರಿ.

ಮಲೆನಾಡ ಪಶುವೈದ್ಯೆ

ಹೊಟ್ಟೆ ತಿರುಚಿಕೊಂಡ ಗುರುತು: ವಾಂತಿ ಮಾಡಲು ಹೋಗಿ ಏನೂ ಬರದಿರುವುದು, ಹೊಟ್ಟೆ ಉಬ್ಬಿ ಬಿಗಿಯುವುದು, ಒಂದೆಡೆ ನಿಲ್ಲದೆ ಚಡಪಡಿಸುವುದು. ಇದು ಗಂಟೆಗಳ ಲೆಕ್ಕದ ತುರ್ತು, ಮನೆಮದ್ದು ಮಾಡುತ್ತ ಕೂರಬೇಡಿ.

ಸಂತಾನಹರಣ ಶಸ್ತ್ರಚಿಕಿತ್ಸೆ ಯಾವಾಗ ಅನ್ನುವುದನ್ನು ಮೈಬೆಳವಣಿಗೆ ನೋಡಿ ನಿಮ್ಮ ವೈದ್ಯರೊಡನೆ ಗೊತ್ತು ಮಾಡಿಕೊಳ್ಳಿ. ಅರಿವಳಿಕೆ ಕೊಡುವ ಮೊದಲು "ತಾಯಿ ಮುಧೋಳ" ಅಂತ ಬಾಯಿಬಿಟ್ಟು ಹೇಳಿ. ಮೈಯಲ್ಲಿ ಕೊಬ್ಬು ಕಡಿಮೆ ಇರುವ ಬೇಟೆನಾಯಿಗಳು ಥಯೋಪೆಂಟೋನ್‌ನಂಥ ಔಷಧದಿಂದ ಏಳುವುದು ಬಹಳ ತಡ. ಬೇರೆ ಔಷಧಗಳಿವೆ. ಮರಿ ನೋಡಲು ನಾಟಿ ನಾಯಿಯಂತಿದ್ದರೆ ಹೇಳದೆ ವೈದ್ಯರಿಗೂ ತಿಳಿಯುವುದಿಲ್ಲ. ಲಸಿಕೆ ಕಾರ್ಡಿನ ಮೊದಲ ಪುಟದಲ್ಲೇ ಬರೆಸಿಡಿ.